ಎಲೆಮರೆಯ ಕಾಯಿಗೆ ವಿಕಿಪೀಡಿಯದಲ್ಲಿ ಜಾಗವಿದೆಯೇ?

ಬ್ರಹ್ಮಾವರದ ಹೊಸಬ | ಭಾನುವಾರ, ರಾತ್ರಿ 9.20

ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದು ನನಗೆ ಇನ್ನೂ ಮೂರು ವಾರ ತುಂಬಿಲ್ಲ. ಇಲ್ಲಿರುವ ಅನುಭವಿಗಳಲ್ಲಿ ಒಂದು ವಿಷಯವನ್ನು ಕೇಳಿ ತಿಳಿದುಕೊಳ್ಳಬೇಕಾಗಿದೆ. ನನ್ನ ದೊಡ್ಡಪ್ಪ ಯಕ್ಷಗಾನದ ಬಡಗುತಿಟ್ಟಿನ ಮದ್ದಳೆಗಾರರು. ಮೂರು ಮೇಳಗಳಲ್ಲಿ ಒಟ್ಟು 38 ವರ್ಷ ತಿರುಗಾಟ ಮಾಡಿ, ಈಗ ಮನೆಯ ಚಾವಡಿಯಲ್ಲಿ ಊರಿನ ಮಕ್ಕಳಿಗೆ ಹಿಮ್ಮೇಳ ಕಲಿಸುತ್ತಿದ್ದಾರೆ. ಶುಲ್ಕವೆಂದು ಒಂದು ರೂಪಾಯಿಯನ್ನೂ ಮುಟ್ಟಿದವರಲ್ಲ. ಇಂಥವರ ಬಗ್ಗೆ ಅಂತರ್ಜಾಲದಲ್ಲಿ ಒಂದು ಸಾಲೂ ಇಲ್ಲವಲ್ಲ ಎಂಬ ಬೇಸರದಿಂದ ಎರಡು ರಾತ್ರಿ ಕುಳಿತು ಲೇಖನ ಬರೆದೆ. ಜನನ, ಗುರುಗಳು, ತಿರುಗಾಟ, ಶಿಷ್ಯವರ್ಗ, ಸನ್ಮಾನಗಳು ಎಂದು ವಿಭಾಗ ಮಾಡಿ, ಅವರ ಕಪಾಟಿನಲ್ಲಿದ್ದ ಒಂದು ಹಳೆಯ ಫೋಟೊವನ್ನೂ ಸೇರಿಸಿ ಪ್ರಕಟಿಸಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಲೇಖನದ ನೆತ್ತಿಯ ಮೇಲೆ ಅಳಿಸುವಿಕೆಯ ಫಲಕವಿತ್ತು. ಗಮನಾರ್ಹತೆ ಕಂಡುಬರುವುದಿಲ್ಲ, ಹಿತಾಸಕ್ತಿ ಸಂಘರ್ಷ ಇರುವಂತಿದೆ ಎಂಬ ಎರಡು ಕಾರಣಗಳನ್ನು ಕೊಟ್ಟಿದ್ದರು. ಚರ್ಚೆ ಪುಟದಲ್ಲಿ ಒಬ್ಬರು, ಈ ವ್ಯಕ್ತಿಗೂ ತಮಗೂ ಏನು ಸಂಬಂಧ ಎಂದು ಕೇಳಿದ್ದರು. ಆ ಪ್ರಶ್ನೆಯಿಂದ ನನಗೆ ನೋವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಸಂಬಂಧ ಇರುವುದರಿಂದಲೇ ಅಲ್ಲವೇ ನನಗೆ ಇಷ್ಟು ವಿಷಯ ಗೊತ್ತಿರುವುದು? ದೊಡ್ಡಪ್ಪ ಪ್ರಚಾರ ಬಯಸದ ಎಲೆಮರೆಯ ಕಾಯಿ ಎಂದು ಲೇಖನದ ಮೊದಲ ಸಾಲಿನಲ್ಲಿಯೇ ಬರೆದಿದ್ದೆ. ಪ್ರಚಾರ ಬಯಸಿದವರಿಗೆ ಮಾತ್ರ ವಿಶ್ವಕೋಶ ಎಂದಾದರೆ ಅದು ಯಾವ ನ್ಯಾಯ?

ಅಡಿಟಿಪ್ಪಣಿ | ಭಾನುವಾರ, ರಾತ್ರಿ 10.45

ಹೊಸಬರಿಗೆ ಸ್ವಾಗತ. ನಾನೂ ಉಡುಪಿಯವನೇ, ನನ್ನ ಮೊದಲ ಲೇಖನವೂ ಅಳಿಸಿಹೋಗಿತ್ತು. ಅದು ನಾನು ಓದಿದ ಪ್ರಾಥಮಿಕ ಶಾಲೆಯ ಬಗ್ಗೆ ಇತ್ತು. ಆದ್ದರಿಂದ ತಮ್ಮ ಬೇಸರ ನನಗೆ ಅರ್ಥವಾಗುತ್ತದೆ.

ತಾವೇ ಬರೆದ ಆ ಮೊದಲ ಸಾಲನ್ನು ಇನ್ನೊಮ್ಮೆ ಓದಿ ನೋಡಿ. ಎಲೆಮರೆಯ ಕಾಯಿ ಎಂದರೆ ಬೇರೆಯವರ ಕಣ್ಣಿಗೆ ಇನ್ನೂ ಬೀಳದವರು ಎಂದರ್ಥ. ಬೇರೆಯವರು ಈಗಾಗಲೇ ನೋಡಿ, ವಿಚಾರಿಸಿ, ಬರೆದು ಅಚ್ಚು ಹಾಕಿದ್ದನ್ನು ಒಟ್ಟುಗೂಡಿಸುವುದು ವಿಕಿಪೀಡಿಯದ ಕೆಲಸ. ಹಾಗಿರುವಾಗ ಆ ಒಂದು ಮಾತಿನಿಂದಲೇ ತಾವು ನಮ್ಮ ನಿಯಮದ ಪರವಾಗಿ ಸಾಕ್ಷಿ ಹೇಳಿದಂತಾಯಿತು. ತಮಾಷೆ ಮಾಡುತ್ತಿಲ್ಲ, ನಮ್ಮ ಕರಾವಳಿಯಿಂದ ಬರುವ ವ್ಯಕ್ತಿಲೇಖನಗಳಲ್ಲಿ ಆ ನುಡಿಗಟ್ಟು ಪದೇ ಪದೇ ಕಾಣಿಸಿಕೊಳ್ಳುತ್ತದೆ, ಮತ್ತು ಅದು ಕಂಡಲ್ಲೆಲ್ಲ ಕೆಳಗೆ ಉಲ್ಲೇಖಗಳು ತೆಳುವಾಗಿರುತ್ತವೆ.

ಗಮನಾರ್ಹತೆ ಎಂಬ ಶಬ್ದವೇ ಅರ್ಧ ಗೊಂದಲಕ್ಕೆ ಕಾರಣ. ಅದು ಯೋಗ್ಯತೆಯ ಅಳತೆ ಅಲ್ಲ, ಪ್ರಸಿದ್ಧಿಯ ಅಳತೆಯೂ ಅಲ್ಲ. ವಿಷಯದೊಂದಿಗೆ ಯಾವ ನಂಟೂ ಇಲ್ಲದ, ನಂಬಲು ಯೋಗ್ಯವಾದ ಪ್ರಕಟಿತ ಆಕರಗಳಲ್ಲಿ ಆ ವಿಷಯಕ್ಕೆ ಸಾಕಷ್ಟು ವಿವರವಾದ ಪ್ರಸ್ತಾಪ ಇದೆಯೇ ಎಂಬುದಷ್ಟೇ ಪ್ರಶ್ನೆ. ವಿವರವಾದ ಪ್ರಸ್ತಾಪ ಎಂದರೆ ಆಮಂತ್ರಣ ಪತ್ರಿಕೆಯಲ್ಲಿ ‘ಮದ್ದಳೆ: ಶ್ರೀ ಇಂಥವರು’ ಎಂದು ಬಂದ ಒಂದು ಸಾಲಲ್ಲ. ಆಕರ ಎಂದರೆ ಸಂಪಾದಕರ ಕಣ್ಣಿನಡಿ ಹಾದು ಬಂದ ಪತ್ರಿಕೆ, ಪುಸ್ತಕ, ಸಂಶೋಧನಾ ಪ್ರಬಂಧ. ಈ ಎರಡು ಷರತ್ತುಗಳು ಬೇಗ ಅರ್ಥವಾಗುತ್ತವೆ. ನಮ್ಮಲ್ಲಿ ಎಡವುವುದು ಮೂರನೆಯದರಲ್ಲಿ, ‘ನಂಟಿಲ್ಲದ’ ಎಂಬ ಶಬ್ದದಲ್ಲಿ.

ಸಂಬಂಧವೇನು ಎಂದು ಕೇಳಿದ್ದು ಆರೋಪವಲ್ಲ. ಸಹಕಾರಿ ಸಂಘದ ಸಭೆಯಲ್ಲಿ ನಿರ್ದೇಶಕರ ಮನೆಯವರ ಸಾಲದ ಅರ್ಜಿ ಬಂದಾಗ ಆ ನಿರ್ದೇಶಕರು ಎದ್ದು ಹೊರಗೆ ಹೋಗುತ್ತಾರೆ. ಅವರು ಕಳ್ಳರೆಂದು ಯಾರೂ ಹೇಳುವುದಿಲ್ಲ. ಕಂಬಳದಲ್ಲಿ ಕೋಣಗಳ ಯಜಮಾನರೇ ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತು ತೀರ್ಪು ಕೊಡುವುದಿಲ್ಲ. ಮನೆಯವರು, ಗೆಳೆಯರು, ಸಂಬಳ ಕೊಡುವ ಸಂಸ್ಥೆ, ತಾವು ಪದಾಧಿಕಾರಿಯಾಗಿರುವ ಸಂಘ, ಕೊನೆಗೆ ತಾವೇ: ಇವರ ಬಗ್ಗೆ ಬರೆಯುವಾಗ ಹಿತಾಸಕ್ತಿ ಸಂಘರ್ಷ ತಾನಾಗಿಯೇ ಇರುತ್ತದೆ. ಅದನ್ನು ಹೇಳಿಕೊಂಡು ಚರ್ಚೆ ಪುಟದ ಮೂಲಕ ಕೆಲಸ ಮಾಡಬಹುದು. ಮುಚ್ಚಿಟ್ಟು ನೇರವಾಗಿ ಲೇಖನದಲ್ಲಿ ಬರೆಯುವುದನ್ನೇ ಬೇಡವೆನ್ನುವುದು.

ತಮ್ಮಲ್ಲಿರುವ ಆಕರಗಳು ಯಾವುವು ಎಂದು ಇಲ್ಲಿ ಹೇಳುವಿರಾ? ಒಂದೊಂದಾಗಿ ನೋಡೋಣ.

ಬ್ರಹ್ಮಾವರದ ಹೊಸಬ | ಸೋಮವಾರ, ಬೆಳಿಗ್ಗೆ 7.05

ಧನ್ಯವಾದಗಳು. ನನ್ನ ಬಳಿ ಇರುವುದು ಇಷ್ಟು: ದೊಡ್ಡಪ್ಪನವರಿಗೆ 70 ತುಂಬಿದಾಗ ಶಿಷ್ಯರು ಸೇರಿ ಹೊರತಂದ ಅಭಿನಂದನ ಗ್ರಂಥ; ಆ ಸಮಾರಂಭದ ಬಗ್ಗೆ ಮೂರು ದಿನಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಬಂದ ವರದಿಗಳು; ನಮ್ಮೂರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯಲ್ಲಿ ಎರಡು ಪುಟದ ಪರಿಚಯ; ಯೂಟ್ಯೂಬ್‌ನಲ್ಲಿ ಒಂದು ಸಂದರ್ಶನ; ಹನ್ನೊಂದು ಸನ್ಮಾನ ಪತ್ರಗಳು. ಪತ್ರಿಕೆಯ ತುಣುಕುಗಳ ಫೋಟೊಗಳನ್ನು ಇದರೊಂದಿಗೆ ಹಾಕಿದ್ದೇನೆ. ಇಷ್ಟೂ ಸಾಲುವುದಿಲ್ಲವೆಂದರೆ ನಮ್ಮ ಜಿಲ್ಲೆಯ ಅರ್ಧಕ್ಕರ್ಧ ಕಲಾವಿದರಿಗೆ ಜಾಗವಿರಲಾರದು.

ಅಡಿಟಿಪ್ಪಣಿ | ಸೋಮವಾರ, ಮಧ್ಯಾಹ್ನ 1.30

ತುಣುಕುಗಳನ್ನು ದೊಡ್ಡದು ಮಾಡಿ ಓದಿದೆ. ಮೂರೂ ವರದಿಗಳು ಒಂದೇ ವಾಕ್ಯದಿಂದ ಆರಂಭವಾಗುತ್ತವೆ. ಎರಡನೆಯ ಪ್ಯಾರಾದಲ್ಲಿ ಮೂರರಲ್ಲಿಯೂ ‘28 ವರ್ಷಗಳ ತಿರುಗಾಟ’ ಎಂದಿದೆ. ತಾವು ಮೇಲೆ 38 ಎಂದಿದ್ದೀರಿ. ಮೂವರು ವರದಿಗಾರರು ಬೇರೆ ಬೇರೆಯಾಗಿ ವಿಚಾರಿಸಿ ಬರೆದಿದ್ದರೆ ಮೂವರೂ ಒಂದೇ ತಪ್ಪು ಮಾಡುವುದು ಕಷ್ಟ. ಇದು ಸಂಘಟಕರು ಕಳುಹಿಸಿದ ಒಂದೇ ಪ್ರಕಟಣೆ ಮೂರು ಕಡೆ ಅಚ್ಚಾದದ್ದಿರಬೇಕು. ಎಣಿಕೆಗೆ ಅದು ಮೂರು ಆಕರವಲ್ಲ, ಒಂದು. ಆ ಒಂದೂ ಸಂಘಟಕರದ್ದೇ.

ಅಭಿನಂದನ ಗ್ರಂಥದ ಬಗ್ಗೆ ನನಗೆ ಬಹಳ ಗೌರವವಿದೆ. ನಮ್ಮ ಕಡೆಯ ಎಷ್ಟೋ ಸಾಂಸ್ಕೃತಿಕ ಇತಿಹಾಸ ಉಳಿದಿರುವುದು ಅಂಥ ಗ್ರಂಥಗಳಲ್ಲಿಯೇ. ಆದರೆ ಅದರ ಹೆಸರೇ ಹೇಳುವಂತೆ ಅದನ್ನು ಹೊರತರುವುದು ಅಭಿನಂದಿಸುವುದಕ್ಕೆ. ಸಂಪಾದಕ ಮಂಡಳಿಯಲ್ಲಿ ಶಿಷ್ಯರು, ಖರ್ಚು ಹೊತ್ತವರು ಅಭಿಮಾನಿಗಳು, ಲೇಖನ ಬರೆದವರು ಒಡನಾಡಿಗಳು. ಹುಟ್ಟಿದ ದಿನಾಂಕ, ಗುರುಗಳ ಹೆಸರು, ಸೇರಿದ ಮೇಳ ಮುಂತಾದ ನಿರ್ವಿವಾದ ವಿವರಗಳಿಗೆ ಅದನ್ನು ಉಲ್ಲೇಖಿಸಬಹುದು. ಗಮನಾರ್ಹತೆಯನ್ನು ತೋರಿಸಲು ಅದು ನಿಲ್ಲುವುದಿಲ್ಲ. ಅದರೊಳಗೆ ಬೇರೆ ವಿಶ್ವವಿದ್ಯಾಲಯದ ವಿದ್ವಾಂಸರೊಬ್ಬರು ದೊಡ್ಡಪ್ಪನವರ ನುಡಿತದ ಕ್ರಮವನ್ನು ವಿಶ್ಲೇಷಿಸಿ ಬರೆದ ಪ್ರಬಂಧವೇನಾದರೂ ಇದ್ದರೆ ಅದನ್ನು ಬೇರೆಯಾಗಿ ಪರಿಗಣಿಸೋಣ.

ಸ್ಮರಣ ಸಂಚಿಕೆಯ ಪರಿಚಯ ಊರಿನವರು ಊರಿನವರ ಬಗ್ಗೆ ಬರೆದದ್ದು. ಯೂಟ್ಯೂಬ್ ಸಂದರ್ಶನದಲ್ಲಿ ಅವರೇ ತಮ್ಮ ಬಗ್ಗೆ ಹೇಳಿದ್ದಾರೆ. ಸ್ವಂತ ಮಾತು ಸ್ವತಂತ್ರ ಆಕರವಾಗುವುದಿಲ್ಲ. ಸನ್ಮಾನ ಪತ್ರಗಳ ವಿಷಯಕ್ಕೆ ಬಂದರೆ, ನಮ್ಮಲ್ಲಿ ವಾರ್ಷಿಕೋತ್ಸವವೊಂದು ನಡೆಯಿತೆಂದರೆ ನಾಲ್ವರಿಗೆ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಡದೆ ಮುಗಿಯುವುದಿಲ್ಲ. ಅದು ಒಳ್ಳೆಯ ಪದ್ಧತಿಯೇ, ಆದರೆ ವಿಶ್ವಕೋಶಕ್ಕೆ ಆಧಾರವಾಗುವಂಥದ್ದಲ್ಲ. ರಾಜ್ಯ ಮಟ್ಟದ ಮಾನ್ಯತೆಯಿದ್ದರೆ ಬೇರೆ ಮಾತು. ಯಕ್ಷಗಾನ ಅಕಾಡೆಮಿಯ ಪ್ರಶಸ್ತಿ ಅಥವಾ ರಾಜ್ಯೋತ್ಸವ ಪ್ರಶಸ್ತಿ ಬಂದಿದ್ದರೆ ಪತ್ರಿಕೆಗಳು ತಾವಾಗಿಯೇ ಹುಡುಕಿಕೊಂಡು ಬಂದು ಬರೆದಿರುವ ಸಂಭವ ಹೆಚ್ಚು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದದ್ದು ನೆನಪಿರಬಹುದು. ಅಂಥ ಸಂದರ್ಭದಲ್ಲಿ ಆಕರಗಳ ಬರ ಇರುವುದಿಲ್ಲ.

ಎಲೆಮರೆಯ ಕಾಯಿಗಳಿಗೆ ಜಾಗವೇ ಇಲ್ಲ ಎಂದು ತಿಳಿಯಬೇಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದರು. ಅವರು ತಮ್ಮ ಬಗ್ಗೆ ಗ್ರಂಥ ಮಾಡಿಸಲಿಲ್ಲ. ಪತ್ರಕರ್ತರು ಅವರನ್ನು ಹುಡುಕಿಕೊಂಡು ಹೋಗಿ ಬರೆದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗುವ ಎಷ್ಟೋ ವರ್ಷ ಮೊದಲೇ ಅವರ ಬಗ್ಗೆ ಸ್ವತಂತ್ರ ಬರಹಗಳಿದ್ದವು. ಪ್ರಚಾರ ಬಯಸಿದ್ದರೋ ಇಲ್ಲವೋ ಎಂಬುದು ನಿಯಮಕ್ಕೆ ಸಂಬಂಧಪಟ್ಟ ವಿಷಯವೇ ಅಲ್ಲ.

ಪಾಡ್ದನ | ಸೋಮವಾರ, ಸಂಜೆ 6.15

ಅಡಿಟಿಪ್ಪಣಿಯವರ ವಿವರಣೆ ಚೊಕ್ಕವಾಗಿದೆ, ಆದರೆ ಸ್ವಲ್ಪ ಹೆಚ್ಚೇ ಚೊಕ್ಕವಾಗಿದೆ ಎಂದು ನನ್ನ ತಕರಾರು. ತುಳುನಾಡಿನ ತಿಳಿವಳಿಕೆ ಬಹುಪಾಲು ಬಾಯಿಂದ ಬಾಯಿಗೆ ಬಂದದ್ದು. ನಲಿಕೆ, ಪಂಬದ, ಪರವ ಸಮುದಾಯದ ದೈವನರ್ತಕರು, ನೇಜಿ (ಭತ್ತದ ಸಸಿ) ನೆಡುವಾಗ ಗದ್ದೆಯಲ್ಲಿ ನಿಂತು ಕಬಿತ ಹಾಡುವ ಹೆಂಗಸರು, ಇವರ ಬಗ್ಗೆ ಅಚ್ಚಿನಲ್ಲಿ ಬರೆಯುವವರು ಯಾರು? ಅಚ್ಚಿನ ಮೊಳೆ ಯಾರ ಕೈಯಲ್ಲಿತ್ತೋ ಅವರ ಜಗತ್ತೇ ದಾಖಲೆಯಾಯಿತು. ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಟದ್ದು 1843ರಲ್ಲಿ. ಅಂದಿನಿಂದ ಇಂದಿನವರೆಗಿನ ಪುಟಗಳಲ್ಲಿ ಕೋಲ ಕಟ್ಟಿದವರ ಹೆಸರು ಎಷ್ಟು ಕಡೆ ಸಿಕ್ಕೀತು? ಇಂಥ ಕಡೆ ಸ್ವತಂತ್ರ ಪ್ರಕಟಿತ ಆಕರ ತೋರಿಸಿ ಎಂದು ಕೇಳಿದರೆ, ಹಳೆಯ ಅನ್ಯಾಯಕ್ಕೇ ಇನ್ನೊಮ್ಮೆ ಮೊಹರು ಒತ್ತಿದಂತಾಗುತ್ತದೆ.

ಪತ್ರಿಕೆಗಳು ಮಹತ್ವವನ್ನು ಗುರುತಿಸುವುದರಲ್ಲಿ ಎಷ್ಟು ತಡಮಾಡುತ್ತವೆ ಎಂಬುದಕ್ಕೆ ದೂರದ ಉದಾಹರಣೆಯೂ ಇದೆ. ಕೆನಡಾದ ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯಕ್ಕೆ ಸಲ್ಲಿಸಿದ ಕರಡನ್ನು ಆಕರಗಳು ಸಾಲವೆಂದು 2018ರ ಮೇ ತಿಂಗಳಲ್ಲಿ ತಿರಸ್ಕರಿಸಿದ್ದರು. ಅದೇ ವರ್ಷ ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಬಂತು. ಲೇಖನ ಹುಟ್ಟಿದ್ದು ಆ ಮೇಲೆ. ಐದು ತಿಂಗಳಲ್ಲಿ ಅವರ ಸಂಶೋಧನೆಯೇನೂ ಬದಲಾಗಿರಲಿಲ್ಲವಲ್ಲ?

ಹಂಪನಕಟ್ಟೆ | ಸೋಮವಾರ, ರಾತ್ರಿ 8.50

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಪ್ರಶ್ನೆಯೂ ಇದಕ್ಕೆ ಹತ್ತಿರದ್ದೇ. ನಾನು ಮಂಗಳೂರಿನ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ಪ್ರವೇಶಾತಿ ಆರಂಭವಾಗುವ ಮುನ್ನ ಕಾಲೇಜಿನ ಹೆಸರಿನಲ್ಲಿ ವಿಕಿಪೀಡಿಯ ಪುಟ ಇರಬೇಕೆಂದು ಮೇಲಿನವರು ಹೇಳಿದರು. ಕಾಲೇಜಿನ ಹೆಸರಿನಲ್ಲಿಯೇ ಖಾತೆ ತೆರೆದು ವಿವರಣ ಪುಸ್ತಿಕೆಯಲ್ಲಿದ್ದುದನ್ನು ಹಾಗೆಯೇ ನಕಲು ಮಾಡಿ ಹಾಕಿದೆ. ಖಾತೆಯನ್ನೂ ತಡೆದರು, ಪುಟವನ್ನೂ ತೆಗೆದರು. ಮರುವಾರ ಯಾರೋ ಒಬ್ಬರು ಫೋನ್ ಮಾಡಿ, ತಾವು ವಿಕಿಪೀಡಿಯದ ನಿರ್ವಾಹಕರೆಂದೂ, ಇಂತಿಷ್ಟು ಹಣ ಕೊಟ್ಟರೆ ಪುಟ ವಾಪಸು ತರುವುದಾಗಿಯೂ ಹೇಳಿದರು. ನಮ್ಮವರು ಕೊಡುವ ಯೋಚನೆಯಲ್ಲಿದ್ದಾರೆ. ಇದು ಸರಿಯಾದ ದಾರಿಯೇ?

ನೇತ್ರಾವತಿ | ಸೋಮವಾರ, ರಾತ್ರಿ 9.02

ದಯವಿಟ್ಟು ಒಂದು ಪೈಸೆಯನ್ನೂ ಕೊಡಬೇಡಿ. ಯಾವ ನಿರ್ವಾಹಕರೂ ಹಣಕ್ಕೆ ಪುಟ ಉಳಿಸಿಕೊಡುವುದಿಲ್ಲ.

ಅಡಿಟಿಪ್ಪಣಿ | ಸೋಮವಾರ, ರಾತ್ರಿ 10.20

ನೇತ್ರಾವತಿಯವರು ಹೇಳಿದ್ದು ಸರಿ. ಆ ಕರೆ ಶುದ್ಧ ವಂಚನೆ, ಮತ್ತು ಅದು ಹೊಸದೇನಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2015ರಲ್ಲಿ ‘ಆರೆಂಜ್‌ಮೂಡಿ’ ಎಂದು ಹೆಸರಾದ ಒಂದು ಜಾಲವನ್ನು ಪತ್ತೆಹಚ್ಚಿದರು. ಅವರು ತಿರಸ್ಕೃತ ಕರಡುಗಳನ್ನು ಹುಡುಕಿ, ಸಂಬಂಧಪಟ್ಟ ಸಂಸ್ಥೆಗೆ ತಾವು ಅನುಭವಿ ಸಂಪಾದಕರೆಂದು ಹೇಳಿಕೊಂಡು, ಹಣ ಪಡೆದು ಲೇಖನ ಹಾಕುತ್ತಿದ್ದರು. ಆಮೇಲೆ ಅದನ್ನು ‘ಕಾಪಾಡಲು’ ತಿಂಗಳಿಗಿಷ್ಟು ಎಂದು ಕೇಳುತ್ತಿದ್ದರು. ಕೊನೆಗೆ 381 ಖಾತೆಗಳನ್ನು ತಡೆಹಿಡಿದು 210 ಲೇಖನಗಳನ್ನು ಅಳಿಸಿದರು. ಹಣ ಕೊಟ್ಟವರ ಲೇಖನಗಳೂ ಉಳಿಯಲಿಲ್ಲ. ಅಳಿಸಿದ ಪುಟಗಳ ಹೆಸರು ಎಲ್ಲರಿಗೂ ಕಾಣುವಂತೆ ದಾಖಲಾಗುವುದರಿಂದ ಇಂಥವರಿಗೆ ಗಿರಾಕಿಗಳನ್ನು ಹುಡುಕುವುದು ಕಷ್ಟವೇ ಅಲ್ಲ.

ಇನ್ನು ತಮ್ಮ ಸ್ವಂತ ಪರಿಸ್ಥಿತಿ. ಹೊಸಬರದ್ದು ಪ್ರೀತಿಯ ನಂಟು, ತಮ್ಮದು ಸಂಬಳದ ನಂಟು. ಎರಡನೆಯದಕ್ಕೆ ನಿಯಮ ಬಿಗಿಯಾಗಿದೆ. ಗಮನಾರ್ಹತೆಯ ವಿಷಯದಲ್ಲಿ ಒಂದೊಂದು ಭಾಷೆಯ ಸಮುದಾಯ ತನ್ನದೇ ನಿಯಮ ಮಾಡಿಕೊಳ್ಳಬಹುದು. ಆದರೆ ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಬೇಕೆಂಬುದು 2014ರ ಜೂನ್‌ನಿಂದ ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ನಿಬಂಧನೆಗಳಲ್ಲಿಯೇ ಸೇರಿದೆ. ಕೆಲಸ ಕೊಟ್ಟವರು ಯಾರು, ಯಾರಿಗಾಗಿ ಬರೆಯುತ್ತಿದ್ದೀರಿ, ತಮಗೂ ಅವರಿಗೂ ಏನು ಸಂಬಂಧ ಎಂಬುದನ್ನು ಸದಸ್ಯ ಪುಟದಲ್ಲಾಗಲಿ, ಲೇಖನದ ಚರ್ಚೆ ಪುಟದಲ್ಲಾಗಲಿ, ಸಂಪಾದನೆಯ ಸಾರಾಂಶದಲ್ಲಾಗಲಿ ಹೇಳಬೇಕು. ತಮ್ಮ ಸಂಬಳ ವಿಕಿಪೀಡಿಯಕ್ಕಾಗಿ ಪ್ರತ್ಯೇಕವಾಗಿ ಬರುವುದಿಲ್ಲ ಎಂಬ ವಾದ ನಡೆಯುವುದಿಲ್ಲ. ಕಚೇರಿಯ ಕೆಲಸದ ಭಾಗವಾಗಿ ಬರೆದರೆ ಅದು ಸಂಬಳದ ಬರಹವೇ.

ಖಾತೆಯನ್ನು ತಡೆದದ್ದು ಹೆಸರಿನ ಕಾರಣಕ್ಕೆ. ಖಾತೆ ಒಬ್ಬ ವ್ಯಕ್ತಿಯದ್ದಾಗಿರಬೇಕು, ಸಂಸ್ಥೆಯದ್ದಲ್ಲ. ಇಂದು ತಾವು, ನಾಳೆ ತಮ್ಮ ಜಾಗಕ್ಕೆ ಬಂದವರು ಅದೇ ಗುಪ್ತಪದ ಬಳಸುವಂತಿಲ್ಲ. ಪುಟ ತೆಗೆದದ್ದಕ್ಕೆ ಪುಸ್ತಿಕೆಯ ನಕಲೇ ಸಾಕಷ್ಟು ಕಾರಣ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಮರುಬಳಕೆ ಮಾಡಬಹುದಾದ ಪರವಾನಗಿಯಡಿ ಪ್ರಕಟಿಸಲಾಗುತ್ತದೆ. ತಮ್ಮ ಪುಸ್ತಿಕೆಗೆ ಹಾಗೆ ಪರವಾನಗಿ ಕೊಟ್ಟಿಲ್ಲವಾದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. ಇದೇ ದೋಷದಿಂದ 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ನಡೆದ ಶಿಕ್ಷಣ ಯೋಜನೆಯೊಂದನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಅಂಕಕ್ಕಾಗಿ ವಿದ್ಯಾರ್ಥಿಗಳಿಂದ ಲೇಖನ ಬರೆಸುವ ನಮ್ಮ ಉಪನ್ಯಾಸಕರು ಇದನ್ನು ನೆನಪಿಟ್ಟುಕೊಂಡರೆ ಉಪಕಾರವಾದೀತು.

ಮೇಲಿನವರಿಗೆ ಹೇಳಲು ತಮಗೆ ಎರಡು ಮಾತು ಕೊಡುತ್ತೇನೆ. ಮೊದಲನೆಯದಾಗಿ, ವಿಕಿಪೀಡಿಯದಿಂದ ಹೊರಹೋಗುವ ಕೊಂಡಿಗಳಿಗೆ 2007ರಿಂದಲೇ ಹುಡುಕು ಯಂತ್ರಗಳು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂಬ ಗುರುತನ್ನು ಅಂಟಿಸಲಾಗುತ್ತಿದೆ. ಪುಟ ಮಾಡಿದ ಮಾತ್ರಕ್ಕೆ ಕಾಲೇಜಿನ ಜಾಲತಾಣ ಗೂಗಲ್‌ನಲ್ಲಿ ಮೇಲೇರುತ್ತದೆ ಎಂಬುದು ಹಳೆಯ ಆಸೆ. ಎರಡನೆಯದಾಗಿ, ಪುಟ ಬಂದ ಮೇಲೆ ಅದು ಕಾಲೇಜಿನದ್ದಾಗಿ ಉಳಿಯುವುದಿಲ್ಲ. ಮುಂದೊಂದು ದಿನ ಶುಲ್ಕದ ವಿಷಯದಲ್ಲಿ ವಿದ್ಯಾರ್ಥಿಗಳು ಪ್ರತಿಭಟಿಸಿ ಅದು ಪತ್ರಿಕೆಗಳಲ್ಲಿ ವಿವರವಾಗಿ ಬಂದರೆ ಯಾರಾದರೂ ಉಲ್ಲೇಖಸಹಿತ ಅದನ್ನೂ ಸೇರಿಸುತ್ತಾರೆ, ಮತ್ತು ತೆಗೆಯುವ ಹಕ್ಕು ಆಡಳಿತ ಮಂಡಳಿಗೆ ಇರುವುದಿಲ್ಲ. ಇದನ್ನು ಕೇಳಿದ ಮೇಲೆ ಹಲವು ಸಂಸ್ಥೆಗಳ ಉತ್ಸಾಹ ಇಳಿಯುವುದನ್ನು ಕಂಡಿದ್ದೇನೆ.

ಹಂಪನಕಟ್ಟೆ | ಮಂಗಳವಾರ, ಬೆಳಿಗ್ಗೆ 10.10

ಎರಡನೆಯ ಮಾತನ್ನು ಇವತ್ತೇ ಪ್ರಾಂಶುಪಾಲರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಸರವೇನಿಲ್ಲ ಬಿಡಿ ಎಂದರು. ಆ ಫೋನ್ ಸಂಖ್ಯೆಗೆ ಉತ್ತರಿಸುವುದನ್ನು ನಿಲ್ಲಿಸಿದ್ದೇವೆ.

ನೇತ್ರಾವತಿ | ಮಂಗಳವಾರ, ಬೆಳಿಗ್ಗೆ 11.00

ಹೊಸಬರಿಗೆ ನನ್ನದೊಂದು ಸಲಹೆ. ಕನ್ನಡದಲ್ಲಿ ಇಷ್ಟು ಕಷ್ಟವಾದರೆ ಅದೇ ಲೇಖನವನ್ನು ತುಳು ವಿಕಿಪೀಡಿಯದಲ್ಲಿ ಹಾಕಬಹುದಲ್ಲವೇ? ಅಲ್ಲಿ ಲೇಖನಗಳು ಕಡಿಮೆ, ಕೇಳುವವರೂ ಕಡಿಮೆ.

ಪಾಡ್ದನ | ಮಂಗಳವಾರ, ಬೆಳಿಗ್ಗೆ 11.25

ಅಲ್ಲ ಮಾರಾಯರೇ, ಹಾಗೆ ಮಾತ್ರ ಮಾಡಬೇಡಿ. ನಾನು ನಿಯಮದ ಬಗ್ಗೆ ತಕರಾರು ಎತ್ತಿದವನೇ ಆದರೂ ಇದನ್ನು ಒಪ್ಪಲಾರೆ. ತುಳು ವಿಕಿಪೀಡಿಯ ವರ್ಷಗಟ್ಟಲೆ ಹೊಸ ಭಾಷೆಗಳ ವಿಕಿಪೀಡಿಯವನ್ನು ಬೆಳೆಸುವ ಇನ್‌ಕ್ಯುಬೇಟರ್‌ನಲ್ಲಿದ್ದು, ಬಹಳ ಜನ ಕಷ್ಟಪಟ್ಟು ಬರೆದ ಮೇಲೆ 2016ರ ಆಗಸ್ಟ್‌ನಲ್ಲಿ ಸ್ವತಂತ್ರವಾಗಿ ಹೊರಬಂದದ್ದು. ಕೇಳುವವರು ಕಡಿಮೆ ಎಂದು ಬೇರೆಡೆ ತಿರಸ್ಕೃತವಾದದ್ದನ್ನೆಲ್ಲ ಅಲ್ಲಿ ತಂದು ಸುರಿದರೆ ನಮ್ಮ ಮನೆಯ ಅಂಗಳವನ್ನು ನಾವೇ ಕೊಳೆ ಮಾಡಿದಂತೆ. ಅಲ್ಲದೆ ಹೊಸಬರು ಬ್ರಹ್ಮಾವರದವರು. ಅವರ ದೊಡ್ಡಪ್ಪನವರ ಮನೆಮಾತು ಕುಂದಗನ್ನಡವೇ ಇರಬೇಕು.

ಕಾಪು ದೀಪಸ್ತಂಭ | ಮಂಗಳವಾರ, ಮಧ್ಯಾಹ್ನ 3.40

ದೇವಸ್ಥಾನಗಳ ಬಗ್ಗೆಯೂ ಒಂದು ಮಾತು ಆಗಬೇಕು. ನಾನು ನಮ್ಮೂರಿನ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯಲ್ಲಿದ್ದೇನೆ. ‘ಸುಮಾರು ಸಾವಿರ ವರ್ಷಗಳ ಇತಿಹಾಸವಿರುವ’ ಎಂದು ಬರೆದ ಲೇಖನಕ್ಕೆ ಉಲ್ಲೇಖ ಬೇಕೆಂಬ ಗುರುತು ಬಿತ್ತು. ಆಮಂತ್ರಣ ಪತ್ರಿಕೆಯನ್ನು ಉಲ್ಲೇಖಿಸಿದೆ, ಒಪ್ಪಲಿಲ್ಲ.

ಅಡಿಟಿಪ್ಪಣಿ | ಮಂಗಳವಾರ, ಸಂಜೆ 7.30

ಕಾಪುವಿನವರಿಗೆ: ಆಮಂತ್ರಣ ಪತ್ರಿಕೆಯನ್ನು ಅಚ್ಚು ಹಾಕಿಸಿದ್ದು ತಮ್ಮ ಸಮಿತಿಯೇ ಆದ್ದರಿಂದ ಅದು ತಮ್ಮ ಮಾತಿಗೆ ತಮ್ಮದೇ ಸಾಕ್ಷಿ. ನಮ್ಮ ಜಿಲ್ಲೆಯ ದೇವಸ್ಥಾನಗಳ ಮಟ್ಟಿಗೆ ಅದೃಷ್ಟವೆಂದರೆ ಒಳ್ಳೆಯ ಆಕರಗಳಿವೆ. ಪಾದೂರು ಗುರುರಾಜ ಭಟ್ಟರು ಊರೂರು ಸುತ್ತಿ, ಮೂರ್ತಿಶಿಲ್ಪಗಳನ್ನು ಪರಿಶೀಲಿಸಿ, ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಕುರಿತು 1975ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ್ದಾರೆ. ಸ್ಟರಕ್ ಬರೆದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ 1894ರದ್ದು. ಅಲ್ಲಿ ತಮ್ಮ ದೇವಸ್ಥಾನದ ಹೆಸರು ಸಿಕ್ಕಿದರೆ ಪುಟಸಂಖ್ಯೆಯೊಂದಿಗೆ ಕೊಡಿ. ಸ್ಥಳಪುರಾಣವನ್ನು ಸ್ಥಳಪುರಾಣವೆಂದೇ ಹೇಳಿ ಬರೆಯುವುದಕ್ಕೆ ಅಡ್ಡಿಯಿಲ್ಲ. ಅದನ್ನು ಇತಿಹಾಸ ಎಂಬ ತಲೆಬರಹದಡಿ ತರಬಾರದು. ಸಮಿತಿಯ ಸದಸ್ಯತ್ವವನ್ನು ಚರ್ಚೆ ಪುಟದಲ್ಲಿ ತಿಳಿಸಿಬಿಡಿ.

ಪಾಡ್ದನ ಅವರ ಪ್ರಶ್ನೆಗೆ ನಿನ್ನೆ ಉತ್ತರಿಸದೆ ಉಳಿದದ್ದು, ಸುಲಭದ ಉತ್ತರ ನನ್ನಲ್ಲಿ ಇಲ್ಲದ್ದರಿಂದ. ಅಚ್ಚಿನ ಜಗತ್ತಿನ ಪಕ್ಷಪಾತ ವಿಕಿಪೀಡಿಯಕ್ಕೂ ಇಳಿದು ಬರುತ್ತದೆ ಎಂಬುದು ನಿಜ. 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಬಾಯ್ಮಾತಿನ ಧ್ವನಿಮುದ್ರಣವನ್ನೇ ಉಲ್ಲೇಖವಾಗಿ ಕೊಡುವ ಪ್ರಯೋಗವೊಂದು ನಡೆಯಿತು. ಸಾಮಾನ್ಯ ನಿಯಮವಾಗಿ ಅದು ನೆಲೆಯೂರಲಿಲ್ಲ. ನನಗೆ ಅದರ ಬಗ್ಗೆ ಸಹಾನುಭೂತಿಯಿದೆ. ಆದರೆ ಕಷ್ಟ ಎಲ್ಲಿ ಎಂದರೆ, ಮುದ್ರಿಸಿಕೊಂಡವರೂ ಪ್ರಶ್ನೆ ಕೇಳಿದವರೂ ಲೇಖನ ಬರೆದವರೂ ಒಬ್ಬರೇ ಆದಾಗ, ತಪ್ಪಾಗಿದ್ದರೆ ಹಿಡಿಯುವವರು ಯಾರು?

ನಮ್ಮಲ್ಲಿಯೇ ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಸಿರಿ ಪಾಡ್ದನದ (ತುಳುವಿನ ಮೌಖಿಕ ಕಥನಗೀತೆ) ಹಾಡುಗಾರರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮವರೇ ಆದ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು 1990ರಲ್ಲಿ ಅವರ ಬಾಯಿಂದ ಕೇಳಿ ದಾಖಲಿಸಿದ ಸಿರಿಕಾವ್ಯ 15,683 ಸಾಲುಗಳದ್ದು. 1998ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಹೆಲ್ಸಿಂಕಿಯಲ್ಲಿ ಪ್ರಕಟವಾಯಿತು. ಇಂದು ಗೋಪಾಲ ನಾಯ್ಕರ ಬಗ್ಗೆ ಬರೆಯುವವರಿಗೆ ಗಟ್ಟಿ ಆಕರವಿದೆ. ದಾಖಲಿಸುವ ಕೆಲಸ ಮೊದಲು, ವಿಶ್ವಕೋಶ ಆಮೇಲೆ. ತಾವು ಜಾನಪದದ ವಿದ್ಯಾರ್ಥಿಯಾಗಿರುವಂತೆ ಕಾಣುತ್ತದೆ; ತಮ್ಮ ಪ್ರಬಂಧ ಪ್ರಕಟವಾದ ಮೇಲೆ ನಾವು ಅದನ್ನು ಉಲ್ಲೇಖಿಸುತ್ತೇವೆ. ತಾವೇ ಉಲ್ಲೇಖಿಸಬೇಡಿ, ಚರ್ಚೆ ಪುಟದಲ್ಲಿ ಸೂಚಿಸಿ!

ಸ್ಟ್ರಿಕ್‌ಲ್ಯಾಂಡ್ ಅವರ ವಿಷಯದಲ್ಲಿ ನಾಚಿಕೆಪಡಬೇಕಾದದ್ದೇ ಆಯಿತು. ಒಂದು ವ್ಯತ್ಯಾಸವನ್ನು ಮಾತ್ರ ಹೇಳುತ್ತೇನೆ: ಅವರ ಬಗ್ಗೆ ಆಕರಗಳನ್ನು ಇನ್ನೂ ಹುಡುಕಿ ಕರಡನ್ನು ಬಲಪಡಿಸುವ ದಾರಿ ತೆರೆದೇ ಇತ್ತು. ತಿರಸ್ಕಾರ ಎಂದರೆ ಶಾಶ್ವತ ತೀರ್ಪಲ್ಲ.

ಪಾಡ್ದನ | ಮಂಗಳವಾರ, ರಾತ್ರಿ 9.15

ಸಿರಿಕಾವ್ಯದ ಉದಾಹರಣೆಯನ್ನು ಒಪ್ಪಿದೆ, ಅರ್ಧ ಮಾತ್ರ. ಒಬ್ಬ ಗೋಪಾಲ ನಾಯ್ಕರಿಗೆ ಒಬ್ಬ ಹೊಂಕೊ ಸಿಕ್ಕಿದರು. ಸಿಗದವರ ಸಂಖ್ಯೆ ದೊಡ್ಡದು. ಆದರೆ ಅದು ವಿಕಿಪೀಡಿಯಕ್ಕಿಂತ ನಮ್ಮ ವಿಶ್ವವಿದ್ಯಾಲಯಗಳ ಮೇಲೆ ಹಾಕಬೇಕಾದ ದೂರು ಎಂಬುದೂ ಸರಿಯೇ. ನನ್ನ ಪ್ರಬಂಧದ ವಿಷಯ ಬಿಡಿ, ಅದಿನ್ನೂ ಮೂರನೆಯ ಅಧ್ಯಾಯದಲ್ಲಿದೆ.

ಬ್ರಹ್ಮಾವರದ ಹೊಸಬ | ಬುಧವಾರ, ರಾತ್ರಿ 8.40

ಎರಡು ದಿನ ಸುಮ್ಮನೆ ಓದುತ್ತಿದ್ದೆ. ಒಂದು ವಿಷಯವನ್ನು ಒಪ್ಪಿಕೊಳ್ಳಬೇಕಾಗಿದೆ. ಆ ಮೂರು ಪತ್ರಿಕೆಗಳಿಗೆ ಹೋದ ಪ್ರಕಟಣೆಯನ್ನು ಟೈಪ್ ಮಾಡಿದವನು ನಾನೇ. 38 ಎಂದು ಹೊಡೆಯಲು ಹೋಗಿ 28 ಎಂದು ಹೊಡೆದಿದ್ದೆ. ಮೂರರಲ್ಲಿಯೂ ಹಾಗೆಯೇ ಬಂದಾಗ ಮನೆಯಲ್ಲಿ ಬೈಸಿಕೊಂಡದ್ದೂ ಈಗ ನೆನಪಾಯಿತು. ಅಂದರೆ ನಾನು ಬರೆದದ್ದಕ್ಕೆ ನಾನೇ ಬರೆದದ್ದನ್ನು ಮೂರು ಸಲ ಸಾಕ್ಷಿಯಾಗಿ ಕೊಟ್ಟಿದ್ದೆ.

ನಿನ್ನೆ ಸಂಜೆ ದೊಡ್ಡಪ್ಪನವರಲ್ಲಿಯೇ ಹೋಗಿ ಕೇಳಿದೆ. ಪಾಠ ಮುಗಿಸಿ ಮದ್ದಳೆಗೆ ಬಟ್ಟೆ ಸುತ್ತುತ್ತಿದ್ದರು. ಬೆರಳು ಮಡಚಿ ಮೇಳ ಮೇಳವಾಗಿ ಎಣಿಸಿ, ನಡುವೆ ಎರಡು ವರ್ಷ ಕೈನೋವಿನಿಂದ ಹೊರಡಲಿಲ್ಲ, ಆದ್ದರಿಂದ 36 ಎಂದು ಹಿಡಿ ಎಂದರು. ಅಭಿನಂದನ ಗ್ರಂಥದಲ್ಲಿ 38 ಎಂದಿದೆ, ಪತ್ರಿಕೆಗಳಲ್ಲಿ 28, ಅವರ ಬಾಯಲ್ಲಿ 36. ಯಾವುದನ್ನು ಉಲ್ಲೇಖಿಸಲಿ ಎಂದು ಕೇಳುವ ಧೈರ್ಯ ಈಗ ನನಗಿಲ್ಲ. ಲೇಖನದ ಬಗ್ಗೆ ಹೇಳಿದಾಗ ಅವರು ನಕ್ಕು, ತಮ್ಮ ಗುರುಗಳ ಬಗ್ಗೆ ಅದರಲ್ಲಿ ಇದೆಯೇ ಎಂದಷ್ಟೇ ಕೇಳಿದರು. ಇರಲಿಲ್ಲ. ಹುಡುಕಿದರೆ, ಆ ಗುರುಗಳ ವಾದನದ ಬಗ್ಗೆ ಎರಡು ಹಳೆಯ ಪುಸ್ತಕಗಳಲ್ಲಿ ನಾಲ್ಕಾರು ಪುಟಗಳೇ ಇವೆ. ಬರೆದವರಿಗೂ ಅವರಿಗೂ ನಂಟಿಲ್ಲ.

ದೊಡ್ಡಪ್ಪನವರ ಲೇಖನವನ್ನು ನನ್ನ ಪ್ರಯೋಗಪುಟಕ್ಕೆ (ಕರಡು ಬರೆದುಕೊಳ್ಳುವ ಪುಟ) ಸರಿಸಿಕೊಡಿ ಎಂದು ಚರ್ಚೆ ಪುಟದಲ್ಲಿ ಕೇಳಿಕೊಂಡಿದ್ದೇನೆ. ಸದಸ್ಯ ಪುಟದಲ್ಲಿ ಹೀಗೆ ಬರೆದಿದ್ದೇನೆ: ‘ನನ್ನ ಕುಟುಂಬದಲ್ಲಿ ಯಕ್ಷಗಾನ ಹಿಮ್ಮೇಳದ ಕಲಾವಿದರಿದ್ದಾರೆ, ಅವರ ಬಗೆಗಿನ ಲೇಖನಗಳನ್ನು ನಾನು ನೇರವಾಗಿ ಸಂಪಾದಿಸುವುದಿಲ್ಲ.’ ದೊಡ್ಡಪ್ಪನವರ ಗುರುಗಳೆಂದರೆ ನನಗೂ ಒಂದು ರೀತಿಯ ನಂಟೇ ಆಯಿತೇ? ಅವರ ಬಗ್ಗೆ ನಾನು ಬರೆಯಬಹುದೇ?

ಅಡಿಟಿಪ್ಪಣಿ | ಬುಧವಾರ, ರಾತ್ರಿ 9.05

ದೂರದ ನಂಟು. ಬರೆಯಬಹುದು, ಆದರೆ ಮೊದಲು ಪ್ರಯೋಗಪುಟದಲ್ಲಿ ಬರೆದು, ಈ ನಂಟನ್ನೂ ಒಂದು ಸಾಲಿನಲ್ಲಿ ತಿಳಿಸಿ, ಇಲ್ಲಿ ಕೊಂಡಿ ಹಾಕಿ. ನಾನು ಓದಿ ನೋಡುತ್ತೇನೆ. ಎರಡೂ ಪುಸ್ತಕಗಳ ಪುಟಸಂಖ್ಯೆ ಬೇಕು. ‘ನಾಲ್ಕಾರು ಪುಟ’ ಎಂದರೆ ಸಾಲದು.

ಬ್ರಹ್ಮಾವರದ ಹೊಸಬ | ಬುಧವಾರ, ರಾತ್ರಿ 9.12

ಒಂದು ಪುಸ್ತಕ ಉಡುಪಿಯ ಗ್ರಂಥಾಲಯದಲ್ಲಿದೆ. ಶನಿವಾರ ಹೋಗಿ ನೋಡಿಕೊಂಡು ಬರುತ್ತೇನೆ.